ಹೆಬ್ಬಳ್ಳಿ ಮಷೀನಿನ ಹಲ್ಲಿನ ಚಕ್ರ

ನಾನು ಮೊದಲು "ಆಗೂದಿಲ್ಲ" ಅಂದಿದ್ದೆ. ಆ ಮಾತನ್ನು ಬಿಟ್ಟೇ ಇದನ್ನು ಬರೆಯಬೇಕೆಂದಿದ್ದೆ... ಬಿಟ್ಟಿದ್ದರೆ ನಾನು ಇರುವುದಕ್ಕಿಂತ ಒಳ್ಳೆಯವಳಾಗಿ ಕಾಣುತ್ತಿದ್ದೆ.

ನಾನು ಹಳೆಯ ಟೈಪ್‌ರೈಟರ್ ಸಂಗ್ರಹಿಸುತ್ತೇನೆ ಅನ್ನುವುದು ಇಲ್ಲಿ ಹಲವರಿಗೆ ಗೊತ್ತು. ಹೋದ ತಿಂಗಳು ಹೆಬ್ಬಳ್ಳಿಯ ಒಂದು ಮನೆಯಲ್ಲಿ, ನಾನು ಬಹಳ ವರ್ಷಗಳಿಂದ ಹುಡುಕುತ್ತಿದ್ದ ಮಾಡೆಲ್ ಸಿಕ್ಕಿತು. ಮೂವತ್ತರ ದಶಕದ್ದು. ಒಂದು ಸ್ಕ್ರೂ ಕೂಡ ಬದಲಾಗಿರಲಿಲ್ಲ.

ಇಂಥವು ಇಡಿಯಾಗಿ ಸಿಗುವುದೇ ಅಪರೂಪ. ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಲೇ ಮೆಕ್ಯಾನಿಕ್‌ಗಳು ಇಷ್ಟು ಕಾಲ ಓಡಿಸಿಕೊಂಡು ಬಂದಿದ್ದಾರೆ.

ಎಣ್ಣೆ ಹಾಕಿಸೋಣವೆಂದು ಕಮರಿಪೇಟೆಗೆ, ದಸ್ತಗೀರ್ ಕಾಕಾ ಅವರ ರಿಪೇರಿ ಅಂಗಡಿಗೆ ಒಯ್ದೆ.

ಅಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದರು. ಅವರ ಮುಂದೆ ಥೇಟ್ ನನ್ನ ಮಾಡೆಲ್ಲೇ. ಬಣ್ಣ ಮಾತ್ರ ಪೂರ್ತಿ ಹೋಗಿತ್ತು.

ಅವರು ಶಾಂತಕ್ಕ. ಧಾರವಾಡದ ಕೋರ್ಟಿನ ಮುಂದೆ ಕೂತು ಜನರಿಗೆ ಅಫಿಡವಿಟ್ ಟೈಪ್ ಮಾಡಿಕೊಡುವವರು.

ಆ ಮಷೀನು ಅವರ ಮಾವನದು. ನಲವತ್ತರ ದಶಕ, ಯುದ್ಧದ ಕಾಲ, ಧಾರವಾಡ ಇನ್ನೂ ಮುಂಬಯಿ ಪ್ರಾಂತದಲ್ಲಿತ್ತು. ಹೊಸ ಮಷೀನು ಸಿಗುತ್ತಿರಲಿಲ್ಲವಂತೆ. ಮುಚ್ಚಿಹೋದ ಒಂದು ಹತ್ತಿ ಅಂಗಡಿಯಿಂದ ಇದನ್ನು ಚಕ್ಕಡಿಯಲ್ಲಿ ತಂದು, ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಕೂತವರು ಅವರು.

ಈಗ ಅದರ ಹಲ್ಲಿನ ಚಕ್ರ ಸವೆದಿತ್ತು. ಒಂದು ಅಕ್ಷರ ಹೊಡೆದರೆ, ಕಾಗದ ಹಿಡಿದಿರುವ ಕ್ಯಾರೇಜನ್ನು ಒಂದೇ ಅಕ್ಷರದಷ್ಟು ಸರಿಯಲು ಬಿಡುವುದು ಈ ಚಕ್ರ. ಅದು ಕೆಟ್ಟರೆ ಕ್ಯಾರೇಜ್ ತಡೆಯಿಲ್ಲದೆ ಕೊನೆಯತನಕ ಜಾರುತ್ತದೆ.

ಕಾಕಾ ನನ್ನ ಮಷೀನನ್ನು ನೋಡಿದರು. ಆಮೇಲೆ ನನ್ನನ್ನು.

"ಬಾಯಾರ, ನಿಮ್ಮದು ಹೆಂಗೂ ಕಪಾಟಿನ್ಯಾಗ ಕೂಡೂದು. ಇದರ ಚಕ್ರ ಕೊಟ್ರ ಈಕಿದು ಓಡತೈತಿ ನೋಡ್ರಿ."

"ಆಗೂದಿಲ್ಲ ಕಾಕಾ," ಅಂದೆ. ಯೋಚಿಸದೆ ಬಂದ ಮಾತು ಅದು.

ಆಮೇಲೆ ಸಮಾಧಾನಕ್ಕೆ ಶಾಂತಕ್ಕನನ್ನು ಕೇಳಿದೆ, "ಬ್ಯಾರೆ ಮಷೀನ್ ತಗೋಬಾರದೇನ್ರಿ? ನನ್ನ ಹತ್ರ ಒಂದು ಛಲೋದು ಅದ, ಒಯ್ಯಿರಿ."

ಅವರು ನಕ್ಕರು.

"ಅಕ್ಕಾರ, ನಮ್ಮಲ್ಲಿ ಜಾಗಾ ಮನಷ್ಯಾರದಲ್ರಿ, ಮಷೀನಿಂದು. ಮಾವನೋರು ಹ್ವಾದ ಮ್ಯಾಲ ಇದರ ಮುಂದ ನಾ ಕುಂತೆ, ಯಾರೂ ಏನೂ ಅನಲಿಲ್ಲ. ಬ್ಯಾರೆ ಮಷೀನ್ ತಂದವರು ಸಾಲಿನ ತುದೀಗೆ ಹೋಗಬೇಕು. ಗೇಟಿನ ಹತ್ರ, ಬಿಸಲಾಗ. ಅಲ್ಲೀತನಕ ಯಾವ ಗಿರಾಕಿ ಬರ್ತಾರ್ರಿ?"

"ಹಂಗಾರ ಇದನ್ನ ಇಡೀನs ಒಯ್ಯಿರಿ. ಎರಡೂ ಒಂದs ಥರಾ ಅವ. ಯಾರಿಗೆ ಗೊತ್ತಾಗ್ತದ?" ಅಂದೆ. ಬಿಚ್ಚಿಸುವುದಕ್ಕಿಂತ ಇಡಿಯಾಗಿ ಕೊಡುವುದೇ ಮೇಲು ಅನಿಸಿತ್ತು.

ಶಾಂತಕ್ಕನ ನಗೆ ನಿಂತಿತು.

"ಹ್ವಾದ ವರ್ಷ ನಮ್ಮ ಸಾಲಿನ ಮಲ್ಲಪ್ಪ ಬ್ಯಾರೆ ಮಷೀನ್ ತಂದಾಗ, ಅವನ್ನ ಬಿಸಲಿಗೆ ಕಳಿಸಿದಾಕಿ ನಾನs ರಿ. ಈಗ ಕಳ್ಳ ಮಷೀನ್ ಇಟಗೊಂಡು ನಾ ನೆರಳಾಗ ಹೆಂಗ ಕೂಡ್ಲಿ?"

"ಅವತ್ತ ಬಾಯಿ ಭಾಳ ಜೋರಿತ್ತು ಈಕಿದು," ಕಾಕಾ ಸ್ಕ್ರೂಡ್ರೈವರ್ ಒರೆಸುತ್ತ ಅಂದರು. "ಅನುಭವಸು ಈಗ."

"ಹೂಂ ನೋಡು ಕಾಕಾ, ನೀನೂ ಅನ್ನು."

ಶಾಂತಕ್ಕ ಎದ್ದರು. ಆ ಭಾರದ ಮಷೀನನ್ನು, ಮಗುವನ್ನು ಎತ್ತಿಕೊಂಡಂತೆ ಸೊಂಟದ ಮೇಲೆ ಇಟ್ಟುಕೊಂಡರು. ನನ್ನದನ್ನೊಮ್ಮೆ ನೋಡಿ, "ಭಾಳ ಛಂದ ಐತ್ರಿ ಅಕ್ಕಾರ. ಹಿಂಗs ಇರ್ಲಿ, ಬಿಚ್ಚಬ್ಯಾಡ್ರಿ," ಅಂದರು.

ಆ ಮಾತಿನಲ್ಲಿ ಕೊಂಕು ಇದೆಯೇನೋ ಎಂದು ಹುಡುಕಿದೆ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು... ಇರಲಿಲ್ಲ.

ಅವರು ಹೊಸ್ತಿಲು ದಾಟುತ್ತಿದ್ದರು.

"ಕಾಕಾ, ಬಿಚ್ರಿ," ಅಂದೆ.

ಚಕ್ರ ನಾನು ಅಂದುಕೊಂಡದ್ದಕ್ಕಿಂತ ಸಣ್ಣದು. ಅಂಗೈ ಮುಚ್ಚಿದರೆ ಕಾಣದಷ್ಟು.

ಶಾಂತಕ್ಕ ಅಲ್ಲೇ ಕೂತು ಹೊಡೆದು ನೋಡಿದರು. ಕ್ಯಾರೇಜ್ ಒಂದೊಂದೇ ಅಕ್ಷರ ಸರಿಯುತ್ತ ಹೋಗಿ, ಕೊನೆಗೆ ಟಿಣ್ ಅಂತ ಗಂಟೆ ಬಾರಿಸಿತು. "ಮಾವನೋರು ಎದ್ದು ಕುಂತ್ರು ನೋಡು ಕಾಕಾ!"

ನನಗೂ ಖುಷಿಯಾಯಿತು ಎಂದು ಬರೆದರೆ ಅರ್ಧ ಸುಳ್ಳು. ಮನೆಯಲ್ಲಿ ಈಗ ನನ್ನ ಮಷೀನಿನ ಕ್ಯಾರೇಜ್ ಮುಟ್ಟಿದರೆ ಸಾಕು, ಸರ್ರನೆ ತುದಿಗೆ ಜಾರುತ್ತದೆ. ಪ್ರತಿ ಸಲವೂ ಅದನ್ನು ಕೈಯಿಂದ ಹಿಂದಕ್ಕೆ ತಳ್ಳಿಡುತ್ತೇನೆ. ಕೊಟ್ಟದ್ದು ತಪ್ಪು ಎಂದು ಮಾತ್ರ ಇನ್ನೂ ಅನಿಸಿಲ್ಲ.

ಇದನ್ನು ಇಲ್ಲಿ ಬರೆಯಲೇ ಎಂದು ಶಾಂತಕ್ಕನನ್ನು ಕೇಳಿದೆ.

"ಬರೀರಿ. ಆದ್ರ ನಾ ಹೋಗಿ ಮರದ ಕೆಳಗ ಕುಂತ ಮ್ಯಾಲ ಹಾಕ್ರಿ. ಮಷೀನ್ ಕೆಟ್ಟಿತ್ತು ಅನ್ನೂದು ಈಗs ಗೊತ್ತಾದ್ರ, ಆ ಮಲ್ಲಪ್ಪ ರಜಾ ಮುಗಿಯೂದರಾಗ ನನ್ನ ಜಾಗಾಕ್ಕ ಟೇಬಲ್ ಇಟ್ಟಬಿಡ್ತಾನ!"

ಕೋರ್ಟಿಗೆ ಈಗ ಬೇಸಿಗೆ ರಜೆ. ಬರೆದು ಇಟ್ಟುಕೊಂಡಿದ್ದೇನೆ, ಅವರು ಕೂತ ಸುದ್ದಿ ಬಂದ ಕೂಡಲೇ ಪೋಸ್ಟ್ ಮಾಡುತ್ತೇನೆ... ಕೋರ್ಟು ತೆರೆಯುವುದು ಜೂನ್ ಒಂದು, ಸೋಮವಾರ.