ಕರ್ತೃ ಅಜ್ಞಾತ

ಐರಿಷ್ ಜಾನಪದ ವಾದ್ಯತಂಡದ ಮಹನೀಯರೇ, ನೀವು ಒಬ್ಬರ ಸ್ವಂತ ಧಾಟಿಯನ್ನು ಕದ್ದಿದ್ದೀರಿ. ನಿಮ್ಮ ಸಿ.ಡಿ. ‘ಕರ್ತೃ ಅಜ್ಞಾತ’ ಎನ್ನುವ ಆ ಮನುಷ್ಯನ ಎಡದವಡೆಯ ಕೆಳಗೆ, ಪಿಟೀಲು ಒತ್ತಿ ಒತ್ತಿ ಜಡ್ಡುಗಟ್ಟಿದ, ಹುಣಸೆಬೀಜದಷ್ಟು ಕಪ್ಪು ಕಲೆಯಿತ್ತು. ಆರು ವರ್ಷ, ಶುಕ್ರವಾರ ತಪ್ಪದೆ, ನೀವು ಅದರ ಎದುರೇ ಕುಳಿತು ನುಡಿಸಿದ್ದೀರಿ.

ಸೌದಿಯ ದಮ್ಮಾಮಿನಲ್ಲಿ ಅವರು ನಮ್ಮ ಮೇಲಿನ ಮನೆಯವರು, ನನಗೆ ಅಂಕಲ್. ಉಡುಪಿ ಕಡೆಯ ಇಗರ್ಜಿಯಲ್ಲಿ ಪಿಟೀಲು ಕಲಿತವರು, ನೀವೆಲ್ಲ ಕೆಲಸಕ್ಕಿದ್ದ ಕಂಪನಿಯಲ್ಲೇ ನಕ್ಷೆ ಬರೆಯುತ್ತಿದ್ದರು. ಅಮ್ಮ ಮೀನುಸಾರು ಕಳಿಸಿದರೆ ಪಾತ್ರೆಯೊಳಗೆ ನಾಲ್ಕು ಖರ್ಜೂರವಾದರೂ ಇಟ್ಟೇ ಹಿಂದಿರುಗಿಸುವರು. “ಉಂಡ ಮನೆಗೆ ಖಾಲಿ ಪಾತ್ರೆ ಕಳಿಸ್ಬಾರ್ದು.”

ಮಗಳ ರೋಸಿಗೆ, ಅಂದರೆ ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ಶಾಸ್ತ್ರಕ್ಕೆ, ಅವರಿಗೆ ರಜೆ ಸಿಗಲಿಲ್ಲ. ಆ ಸಂಜೆ ಕಟ್ಟಿದ್ದು ಆ ಧಾಟಿ. ತುಂಡುತುಂಡಾಗಿ ಹುಟ್ಟಿ ಕೂಡಿಕೊಂಡದ್ದನ್ನು ಕೆಳಗಿನ ಮನೆಯಲ್ಲಿ ನಾವೆಲ್ಲ ಕೇಳಿದ್ದೇವೆ. ಸ್ವರ ಬರೆದುಕೊಂಡೇ ಅವರು ನಿಮ್ಮ ವಸತಿ ಕಾಂಪೌಂಡಿಗೆ, ಶುಕ್ರವಾರದ ಕೂಟಕ್ಕೆ ಬಂದಿದ್ದರು. ‘ನಮ್ಮಲ್ಲಿ ಕಾಗದ ನಿಷಿದ್ಧ, ಕಿವಿಯೇ ಸಾಕು’ ಎಂದರು ನಿಮ್ಮ ಮುಖ್ಯಸ್ಥರು. ಅಂಕಲ್ ನಾಚಿ, ಹಾಳೆಯನ್ನು ಅಲ್ಲೇ ಹರಿದು, ಮೂರು ಬಾರಿ ನುಡಿಸಿ ಕಲಿಸಿಕೊಟ್ಟರು.

ಆ ಧಾಟಿ ಹೊತ್ತು ನೀವು ಬಹರೈನಿಗೆ, ಅಲ್ಲಿಂದ ಯುರೋಪಿನ ಉತ್ಸವಗಳಿಗೆ ಹೋದಿರಿ. ಜನ ಎದ್ದು ನಿಂತು ಕೇಳಿದರು. ಅಂಕಲ್‌ಗೆ ಕಂಪನಿ ದೇಶ ಬಿಡುವ ಪರವಾನಗಿಯನ್ನೇ ಕೊಡಲಿಲ್ಲ.

ಸಿ.ಡಿ. ಬಂದ ದಿನ ನಾನು ಕೂಗಾಡಿದೆ. ಅಂಕಲ್ ನಕ್ಕರು.

“ಎಂತಕ್ಕೆ ಇಷ್ಟು ಕೋಪ ಮಾರಾಯ್ತಿ? ಆ ಅಜ್ಞಾತ ದೊಡ್ಡ ಮನುಷ್ಯ. ಹಳೇ ಹಾಡೆಲ್ಲ ಅವನದ್ದೇ.”

“ಮಗಳಿಗೆ ಎಂತ ಹೇಳ್ತೀರಿ ಅಂಕಲ್?”

ನಗು ನಿಂತಿತು. “ಅಪ್ಪ ಅವತ್ತು ಬರ್ಲಿಲ್ಲ ಅಂತ ಮಾತ್ರ ಅವಳಿಗೆ ಗೊತ್ತುಂಟು.”

ಅವರ ಪರವಾಗಿ ನಾನು ನಿಮಗೆ ಬರೆದೆ. ಧಾಟಿ ಅವರದೆನ್ನಲು ಬರಹದ ಪುರಾವೆ ಕಳಿಸಿ ಎಂದಿರಿ. ಕಾಗದವನ್ನು ಬಾಗಿಲಲ್ಲೇ ತಡೆದವರು ಕಾಗದ ಕೇಳಿದಿರಿ. ಆ ಉತ್ತರ ಬಂದ ವಾರವೇ ಅಂಕಲ್ ಕಚೇರಿಯ ಮೆಟ್ಟಿಲಲ್ಲಿ ಕುಸಿದು ತೀರಿಕೊಂಡರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ; ಅದನ್ನು ಮೊದಲು ಅಚ್ಚು ಹಾಕಬೇಕಾದವರು ನೀವು. ಮುಂದಿನ ಮುದ್ರಣದಲ್ಲಿ ‘ಅಜ್ಞಾತ’ವನ್ನು ಅಳಿಸಿ ಆ ಹೆಸರನ್ನೂ, ‘ಮಗಳ ರೋಸಿಗೆ’ ಎಂಬ ಶೀರ್ಷಿಕೆಯನ್ನೂ ಹಾಕಬೇಕೆಂದು, ಮೊದಲ ಪ್ರತಿಯನ್ನು ಉಡುಪಿಯಲ್ಲಿರುವ ಆ ಮಗಳಿಗೆ ತಲುಪಿಸಬೇಕೆಂದು ವಿಧ್ಯುಕ್ತವಾಗಿ ಆಗ್ರಹಿಸುತ್ತೇನೆ. ನಿಮ್ಮ ಉತ್ತರವನ್ನು, ಈ ಬಾರಿ, ಕಾಗದದ ಮೇಲೆಯೇ ಕೊಡಿ.