ಏಜೆಂಟ್ ಮಾಸ್ತಪ್ಪನ ಸಮುದ್ರ

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಸಮುದ್ರದ ವಿಷಯ ಏಜೆಂಟ್ ಮಾಸ್ತಪ್ಪನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಅಲೆ ಎಷ್ಟೆತ್ತರಕ್ಕೆ ಏಳುತ್ತದೆ, ಕಾಲಡಿಯ ಮರಳು ಹೇಗೆ ಜಾರುತ್ತದೆ, ಹೊನ್ನಾವರದ ಬಂದರಿಗೆ ಮೀನಿನ ದೋಣಿ ಯಾವ ಹೊತ್ತಿಗೆ ಬರುತ್ತದೆ, ಎಲ್ಲವನ್ನೂ ಅವನು ಬೀಡಿ ಸೇದುತ್ತ, ಟಿಕೆಟ್ಟು ಹರಿಯುತ್ತ ಹೇಳಬಲ್ಲವನಾಗಿದ್ದ. ಕೇಳಿದವರು ಇವನೆಲ್ಲೋ ಮೀನುಗಾರರ ಮನೆಯಲ್ಲಿ ಬೆಳೆದವನೇ ಇರಬೇಕು ಎಂದುಕೊಳ್ಳುತ್ತಿದ್ದರು. ಅವನು ಜನ್ಮದಲ್ಲಿ ಒಮ್ಮೆಯೂ ಸಮುದ್ರ ಕಂಡವನಲ್ಲ ಎಂಬುದು ಅವನ ಹೆಂಡತಿ ಪುಷ್ಪಮ್ಮನಿಗೆ ಗೊತ್ತಿತ್ತು. ಘಟ್ಟದ ಕೆಳಗಿನವರು ಹೇಳಿದ್ದನ್ನು ಕಿವಿಯಲ್ಲಿ ತುಂಬಿಕೊಂಡು ಬಾಯಲ್ಲಿ ಬಿಡುವುದೇ ಆ ಮಹಾನುಭಾವನ ಸಮುದ್ರಯಾನವಾಗಿತ್ತು.

ಮಾಸ್ತಪ್ಪನ ಕೆಲಸ ಇಷ್ಟೇ. ಬೆಳಗಾದರೆ ಖಾಕಿ ಕೋಟು ಏರಿಸಿಕೊಂಡು ನಿಂತು, 'ಜೋಗ, ಗೇರುಸೊಪ್ಪೆ, ಹೊನ್ನಾವರ' ಎಂದು ಕೂಗಿ ಜನರನ್ನು ಕಂಪನಿ ಬಸ್ಸಿಗೆ ಹತ್ತಿಸುವುದು, ಹೊತ್ತಾದ ಕೂಡಲೇ ಸೀಟಿ ಊದಿ 'ರೈಟ್' ಎನ್ನುವುದು. ಆ 'ರೈಟ್' ಅವನ ಬಾಯಿಂದ ಹೊರಟಿತೆಂದರೆ ಡ್ರೈವರು ಬಸ್ಸು ಬಿಡಲೇಬೇಕು. ಹಿಂದಿನಿಂದ ಬಸುರಿ ಓಡಿಬರಲಿ, ಮುದುಕ ಕೋಲೂರಿಕೊಂಡು ಬರಲಿ, ಮಾಸ್ತಪ್ಪ ತಿರುಗಿ ನೋಡುವವನಲ್ಲ. "ರೂಲ್ಸ್ ಅಂದ್ರೆ ರೂಲ್ಸು" ಎನ್ನುತ್ತಿದ್ದ. ಮನೆಯಲ್ಲಿ ಒಲೆ ಮುಂದಿನ ಬೆಕ್ಕು ಕೂಡ ಅವನ ಮಾತು ಕೇಳುತ್ತಿರಲಿಲ್ಲ. ಅದಕ್ಕೇ ಬಸ್‌ಸ್ಟ್ಯಾಂಡಿನಲ್ಲಿ ಇಷ್ಟು ಜೋರು ಎಂದು ಪುಷ್ಪಮ್ಮ ಎಂದೋ ತೀರ್ಮಾನಿಸಿದ್ದಳು.

ಊರವರನ್ನೆಲ್ಲ ಬಸ್ಸು ಹತ್ತಿಸುವ ಈ ಮನುಷ್ಯ ತಾನು ಮಾತ್ರ ಬಸ್ಸಿನಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಹೊಸನಗರದ ನೆಂಟರ ಮನೆಗೂ ಸೈಕಲ್ಲು ತುಳಿದುಕೊಂಡೇ ಹೋಗುತ್ತಿದ್ದ. ಕೇಳಿದರೆ, "ಬಸ್ಸಿನವನು ಬಸ್ಸಲ್ಲಿ ಕೂರಬಾರ್ದು, ಮರ್ಯಾದೆ ಉಳಿಯಲ್ಲ" ಎಂಬ ಉತ್ತರ ಬರುತ್ತಿತ್ತು. ಇದೆಂಥ ಮರ್ಯಾದೆಯೋ ಪುಷ್ಪಮ್ಮನಿಗೆ ತಿಳಿಯಲಿಲ್ಲ. ಅಡುಗೆ ಮಾಡುವವಳು ಉಣ್ಣಬಾರದು ಅಂದ ಹಾಗಾಯಿತು.

ಶಿವರಾತ್ರಿ ಕಳೆದು ಸೆಕೆ ಏರತೊಡಗಿದರೆ ಮಾಸ್ತಪ್ಪನಿಗೆ ವರ್ಷದ ಹುಚ್ಚು ಹಿಡಿಯುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟಿನ ಎಂಜಿನಿಯರುಗಳ ಬಾಯಿಂದ ಅವನು 'ಪ್ರೋಗ್ರಾಮ್' ಎಂಬ ಮಾತೊಂದನ್ನು ಹೆಕ್ಕಿ ತಂದಿದ್ದ. ಸಂಜೆ ಜಗಲಿಯಲ್ಲಿ ಕೂತು ಮಕ್ಕಳಿಬ್ಬರನ್ನೂ ತಾಯಿ ಕನ್ನಮ್ಮನನ್ನೂ ಎದುರಿಗೆ ಕೂರಿಸಿಕೊಂಡು ಬೇಸಿಗೆಯ ಪ್ರೋಗ್ರಾಮ್ ಹಾಕುತ್ತಿದ್ದ. ಮೊದಲು ವರದಮೂಲಕ್ಕೆ ಹೋಗಿ ಕೊಳದಲ್ಲಿ ಮುಳುಗು ಹಾಕುವುದು. ಆಮೇಲೊಂದು ದಿನ ಜೋಗದ ಬಂಡೆಗಳ ಮೇಲೆ ಕೂತು ಬುತ್ತಿ ಬಿಚ್ಚುವುದು. ಕೊನೆಗೆ ಮನೆಮಂದಿಯೆಲ್ಲ ಘಟ್ಟ ಇಳಿದು ಸಮುದ್ರದಂಡೆಯಲ್ಲಿ ಹಗಲಿಡೀ ಕಳೆಯುವುದು. ಕಿಟಕಿ ಪಕ್ಕ ಯಾರು, ಬುತ್ತಿಯ ಬುಟ್ಟಿ ಯಾರ ತೊಡೆಯ ಮೇಲೆ, ಅಲೆ ಬಂದಾಗ ಯಾರು ಯಾರ ಕೈ ಹಿಡಿಯಬೇಕು ಎಂಬುದೂ ಜಗಲಿಯಲ್ಲೇ ಇತ್ಯರ್ಥವಾಗುತ್ತಿತ್ತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು. ಪುಷ್ಪಮ್ಮ ಒಳಗೆ ಹಲಸಿನ ಹಪ್ಪಳ ತಟ್ಟುತ್ತ ಮೂಗು ಮುರಿಯುತ್ತಿದ್ದಳು. ನಡೆದರೂ ಮುಟ್ಟಬಹುದಾದ ವರದಮೂಲಕ್ಕೇ ಕರೆದುಕೊಂಡು ಹೋಗದವನು ಸಮುದ್ರ ತೋರಿಸುತ್ತಾನಂತೆ.

ಅವನ ಬಳಿ ನೆಪಕ್ಕೇನೂ ಬರವಿರಲಿಲ್ಲ. ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಅವನ ತಾಯಿಯೇ ಒದಗಿಸಿಕೊಟ್ಟಿದ್ದಳು. ಅಮಾವಾಸ್ಯೆ, ಗ್ರಹಣದಂಥ ಪರ್ವದ ದಿನ ಬಿಟ್ಟರೆ ಬೇರೆ ದಿನ ಸಮುದ್ರ ಮುಟ್ಟಬಾರದು ಎಂದು ಕನ್ನಮ್ಮ ಹಿರಿಯರಿಂದ ಕೇಳಿದ್ದಳು. ಮಾಸ್ತಪ್ಪ ಅದನ್ನೇ ಹಿಡಿದುಕೊಂಡ. ಬರೀ ದಿನ ಹೋಗೋಣ ಎಂದರೆ, "ಸಮುದ್ರ ಮುಟ್ಟಬಾರ್ದು ಮಾರಾಯ್ತಿ, ಪಾಪ ಸುತ್ತಿಕೊಳ್ತದೆ." ಅಮಾವಾಸ್ಯೆಗೆ ಹೋಗೋಣ ಎಂದರೆ, "ಅವತ್ತು ಊರಿಗೂರೇ ಸ್ನಾನಕ್ಕೆ ಇಳೀತದೆ, ಬಸ್ಸು ತುಂಬಿ ತುಳುಕ್ತದೆ. ಏಜೆಂಟೇ ಸ್ಟ್ಯಾಂಡ್ ಬಿಟ್ಟು ಹೋದ್ರೆ ಕಂಪನಿಯವರು ಸುಮ್ನಿರ್ತಾರಾ?" ಹೀಗೆ ವರ್ಷದಲ್ಲಿ ಸಮುದ್ರಕ್ಕೆ ಹೋಗಬಹುದಾದ ದಿನ ಒಂದೂ ಉಳಿಯುತ್ತಿರಲಿಲ್ಲ. ಮೊದಲ ಮಳೆ ಬಿದ್ದ ಕೂಡಲೇ, "ಇನ್ನು ಬರೋ ಬೇಸಿಗೆಗೇ" ಎಂದು ಕೋಟು ಕೊಡವಿ ಏಳುತ್ತಿದ್ದ.

ಪುಷ್ಪಮ್ಮನಿಗೆ ಸಮುದ್ರ ಬೇಕಾಗಿದ್ದದ್ದು ಮೋಜಿಗಲ್ಲ. ಅವಳ ತವರು ಕರೂರು ಕಡೆಯ ಒಂದು ಹೊಳೆದಂಡೆಯ ಊರು. ಚಿಕ್ಕವಳಿದ್ದಾಗ ಅವಳೂ ಅವಳ ಅಣ್ಣನೂ ಶರಾವತಿಯಲ್ಲಿ ಮುತ್ತುಗದ ಎಲೆಯ ದೋಣಿ ಬಿಡುತ್ತಿದ್ದರು. "ಇದು ಎಲ್ಲಿಗೆ ಹೋಗ್ತದೆ?" ಎಂದರೆ ಅವ್ವ, "ಹೊನ್ನಾವರಕ್ಕೆ, ಸಮುದ್ರಕ್ಕೆ" ಎನ್ನುತ್ತಿದ್ದಳು. ಅಣೆಕಟ್ಟು ಎದ್ದಿತು, ಊರು ಮುಳುಗುವುದು ಖಾತ್ರಿಯಾಯಿತು. 'ಸಾಮಾನು ಗಾಡಿಗೆ ಏರಿಸುತ್ತಿದ್ದೇವೆ, ಮನೆ ನೋಡುವುದಿದ್ದರೆ ಬಂದು ಹೋಗು' ಎಂದು ಅಣ್ಣ ಹೇಳಿಕಳಿಸಿದ. ಆ ಕಡೆಗೆ ಇದ್ದದ್ದು ದಿನಕ್ಕೊಂದೇ ಬಸ್ಸು. ಮಾಸ್ತಪ್ಪನ ಮಧ್ಯಾಹ್ನದ ಊಟ ಕಟ್ಟಿಟ್ಟು ಓಡಿಬರುವಷ್ಟರಲ್ಲಿ ಅವಳಿಗೆ ಸ್ವಲ್ಪ ತಡವಾಯಿತು. ಸ್ಟ್ಯಾಂಡಿನ ಮೂಲೆಯಿಂದ ಕೈ ಎತ್ತಿದಳು. ಮಾಸ್ತಪ್ಪ ನೋಡಿದ. ನೋಡಿಯೂ ಸೀಟಿ ಊದಿ 'ರೈಟ್' ಎಂದ.

"ಕಟ್ಟಿಕೊಂಡ ಹೆಂಡ್ತಿಗೂ ನಿಲ್ಲಿಸ್ಲಿಲ್ಲ ಅಂತ ನಾಳೆ ಜನ ಕೊಂಡಾಡ್ತಾರೆ ನೋಡು" ಎಂದು ಅವನು ಹೆಮ್ಮೆಪಟ್ಟುಕೊಂಡ. ಅವಳು ಅಳುತ್ತ ನಿಂತಾಗ, "ಊರು ಎಲ್ಲಿಗೂ ಓಡಿ ಹೋಗಲ್ಲ ಮಾರಾಯ್ತಿ, ನಾಳೆ ಹೋಗು" ಎಂದ. ಆ ರಾತ್ರಿ ಮಳೆ ಹೊಡೆಯಿತು. ಮರುದಿನ ಹೊರಟ ಬಸ್ಸು ದಾರಿಯ ಮೇಲೆ ನೀರು ನಿಂತಿದೆಯೆಂದು ಅರ್ಧದಿಂದಲೇ ವಾಪಸು ಬಂತು. ಆಮೇಲೆ ಆ ದಾರಿಗೆ ಬಸ್ಸೇ ಹೋಗಲಿಲ್ಲ. ಪುಷ್ಪಮ್ಮ ಅದನ್ನು ಮತ್ತೆ ಎತ್ತಿ ಆಡಲಿಲ್ಲ, ಮರೆಯಲೂ ಇಲ್ಲ. ತವರಂತೂ ಕಣ್ಣಿಗಿಲ್ಲ, ಆ ಹೊಳೆ ಹೋಗಿ ಸೇರುವ ಜಾಗವನ್ನಾದರೂ ನೋಡಬೇಕು ಎಂಬುದೊಂದು ಅವಳ ಎದೆಯಲ್ಲಿ ಉಳಿಯಿತು.

ಹೀಗೆ ಮೂರು ಬೇಸಿಗೆ ಕಳೆಯಿತು. ಆ ವರ್ಷ ಏಪ್ರಿಲಿನಲ್ಲಿ ಒಂದು ದಿನ ಮಾಸ್ತಪ್ಪ ಊಟದ ಡಬ್ಬಿ ಮರೆತು ಹೋಗಿದ್ದ. ಪುಷ್ಪಮ್ಮ ಅದನ್ನು ಹಿಡಿದುಕೊಂಡು ಸ್ಟ್ಯಾಂಡಿಗೆ ಬಂದಾಗ, ಅವನು ತೀರ್ಥಹಳ್ಳಿ ಕಡೆಯ ಹೊಸ ಮದುಮಕ್ಕಳಿಗೆ ಸಮುದ್ರ ಬಣ್ಣಿಸುತ್ತಿದ್ದ. ಹೊನ್ನಾವರದ ಬಸ್ಸಿನ ಕಂಡಕ್ಟರ್ ಗಿರಿಯಪ್ಪ ಪಕ್ಕದಲ್ಲೇ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

"ಘಟ್ಟದ ತಿರುವಲ್ಲಿ ಹೊಟ್ಟೆ ತೊಳಸಿದ್ರೆ ಹೆದರಬೇಡಿ," ಎನ್ನುತ್ತಿದ್ದ ಮಾಸ್ತಪ್ಪ. "ಮುಂದಿನ ಸೀಟು ಹಿಡೀರಿ, ನಿಂಬೆಹಣ್ಣು ಮೂಸ್ರಿ. ಎಲ್ಲ ಮನಸ್ಸಿನ ಮೇಲಿರ್ತದೆ. ನಮ್ಮನೇರು ವರ್ಷಾ ವರ್ಷಾ ಹೋಗ್ತೀವಲ್ಲ, ಒಬ್ರಿಗಾದ್ರೂ ಏನಾದ್ರೂ ಆಗಿದ್ಯಾ?"

ಪುಷ್ಪಮ್ಮನ ತಾಳ್ಮೆ ಅಲ್ಲಿಗೆ ತೀರಿತು. "ಯಾವ ವರ್ಷ ಹೋಗಿದ್ದು?" ಎಂದಳು.

ಮಾಸ್ತಪ್ಪ ತಿರುಗಿದ. ಮದುಮಗಳು ಸೆರಗು ಬಾಯಿಗೆ ಅಡ್ಡ ಹಿಡಿದಳು.

"ಅದೇ... ಅಮಾಸೆ ಕೂಡಿ ಬರ್ಲಿಲ್ಲಲ್ಲ ಮಾರಾಯ್ತಿ. ಅಮಾಸೆ ಬಿಟ್ಟು ಸಮುದ್ರ ಮುಟ್ಟಬಾರ್ದು ಅಂತ ಅವ್ವ—"

"ಮುಟ್ಟೋದು ಬೇಡ, ನೋಡೋಣ. ನೋಡೋಕೂ ಪಂಚಾಂಗ ಬೇಕಾ?"

ಅವನ ಕೋಟೆಗೆ ಇದ್ದದ್ದು ಒಂದೇ ಬಾಗಿಲು, ಅದನ್ನು ಅವಳು ಒಂದೇ ಮಾತಿಗೆ ಒದ್ದು ತೆರೆದಿದ್ದಳು. ಗಿರಿಯಪ್ಪನಿಗೆ ಇಂಥ ಹಬ್ಬ ವರ್ಷಕ್ಕೊಮ್ಮೆ ಸಿಗುವುದೂ ಕಷ್ಟ. ಎಲೆಯಡಿಕೆ ಉಗಿದು, "ಏಜೆಂಟ್ರೇ, ನಾಡಿದ್ದು ಭಾನುವಾರ ಮುಂದಿನ ಸೀಟು ನಿಮ್ಮನೆಯವರಿಗೇ ಇಟ್ಟಿರ್ತೀನಿ. ಸ್ಟ್ಯಾಂಡು ನಮ್ಮ ಗುಮಾಸ್ತರು ನೋಡ್ಕೊಳ್ತಾರೆ" ಎಂದ. ನಾಲ್ಕು ಜನರೆದುರು ಇನ್ನೇನು ಹೇಳುವುದು? "ಅದ್ಕೇನು, ಹೋಗೋಣ" ಎಂದು ಮಾಸ್ತಪ್ಪ ನಕ್ಕ. ನಗು ಕೆನ್ನೆಯಿಂದ ಮೇಲೇರಲಿಲ್ಲ.

ಭಾನುವಾರ ಪುಷ್ಪಮ್ಮ ಅಕ್ಕಿರೊಟ್ಟಿ, ಮಿಡಿ ಉಪ್ಪಿನಕಾಯಿ, ಹುರಿಯಕ್ಕಿ ಉಂಡೆ ಕಟ್ಟಿಕೊಂಡಳು. ಮಾಸ್ತಪ್ಪ ರಜೆಯ ದಿನವೂ ಖಾಕಿ ಕೋಟು ತೊಟ್ಟು ಬಂದ. ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು, ತಾಳಗುಪ್ಪದವರೆಗೆ ಹಿಂದೆ ತಿರುಗಿ ಎಲ್ಲರಿಗೂ ದಾರಿಯ ವಿವರ ಹೇಳಿದ. ಜೋಗ ದಾಟಿದ ಮೇಲೆ ವಿವರ ಕಡಿಮೆಯಾಯಿತು. ಮಲೆಮನೆ ಘಾಟಿಯ ಮೊದಲ ತಿರುವಿನಲ್ಲಿ ಮಾತು ಪೂರ್ತಿ ನಿಂತಿತು. ಎರಡನೆಯದರಲ್ಲಿ ಕೋಟಿನ ಜೇಬಿನಿಂದ ನಿಂಬೆಹಣ್ಣು ಹೊರಗೆ ಬಂತು. ಅಂದರೆ ಮನೆಯಿಂದಲೇ ಕದ್ದು ತಂದಿದ್ದ. ಮುಂದಿನ ತಿರುವಿನಲ್ಲಿ ಮಾಸ್ತಪ್ಪ ಕಿಟಕಿಯಿಂದ ತಲೆ ಹೊರಹಾಕಿ, ಬೆಳಿಗ್ಗೆ ತಿಂದ ರೊಟ್ಟಿಯನ್ನು ಘಟ್ಟಕ್ಕೆ ಒಪ್ಪಿಸಿದ.

"ಇವರು ಡೊಂಕು ಡೊಂಕಾಗಿ ರಸ್ತೆ ಮಾಡಿದ್ದಾರೆ" ಎಂದು ನರಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಕೊಂಡಳು ಪುಷ್ಪಮ್ಮ. ಸೈಕಲ್ಲಿನ ಮರ್ಯಾದೆಯ ಗುಟ್ಟು ಈಗ ಹೊರಬಿದ್ದಿತ್ತು. ಕನ್ನಮ್ಮ ಮಾತ್ರ ಕಿಟಕಿಯಿಂದ ಕಣ್ಣು ಕೀಳದೆ, "ಅವನು ಚಿಕ್ಕೋನಿದ್ದಾಗ ಎತ್ತಿನಗಾಡೀಲೂ ಕಕ್ತಿದ್ದ" ಎಂದಳು. ಹಿಂದಿನ ಸೀಟುಗಳಲ್ಲಿ ನಗು ಹರಿಯಿತು. ಇಷ್ಟು ವರ್ಷ ಈ ಮುದುಕಿ ಅಮಾವಾಸ್ಯೆಯ ಕಥೆ ಹೇಳಿ ಮಗನ ಮಾನ ಕಾಯುತ್ತಿದ್ದಳೋ ಏನೋ, ಇವತ್ತು ಸಮುದ್ರದ ಆಸೆಗೆ ಅದನ್ನೂ ಬಿಟ್ಟುಕೊಟ್ಟಳು.

ಗೇರುಸೊಪ್ಪೆಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಮಾಸ್ತಪ್ಪ ಇಳಿದವನೇ ಹೋಟೆಲಿನ ಎದುರಿನ ಬೆಂಚಿನ ಮೇಲೆ ಅಂಗಾತ ಬಿದ್ದ. ಎಲ್ಲರೂ ಚಹಾ ಕುಡಿದು ಹತ್ತಿದರು. ಗಿರಿಯಪ್ಪ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡಿದ. ಪುಷ್ಪಮ್ಮ ಕಿಟಕಿಯಿಂದ ಬಗ್ಗಿ, "ಹೆಂಗಿದೆ? ಹತ್ತೋಕಾಗ್ತದಾ?" ಎಂದಳು. ಇನ್ನು ಮುಂದೆ ಸಮುದ್ರದವರೆಗೂ ದಾರಿ ಸಮತಟ್ಟು ಎಂದು ಗಿರಿಯಪ್ಪ ಎರಡೆರಡು ಸಲ ಹೇಳಿದ.

ಮಾಸ್ತಪ್ಪ ಕಣ್ಣು ತೆರೆಯಲಿಲ್ಲ. "ನನ್ ಕೈಲಾಗಲ್ಲ. ನೀವೂ ಎಲ್ಲ ಇಳೀರಿ. ಸಂಜೆ ಬಸ್ಸಿಗೆ ವಾಪಸ್ ಹೋಗೋಣ" ಎಂದ. ಮಕ್ಕಳ ಮುಖ ಇಳಿಯಿತು. ಅವನು ಕೈ ಬೀಸಿ ಸೇರಿಸಿದ, "ಸಮುದ್ರ ಎಲ್ಲಿಗೂ ಓಡಿ ಹೋಗಲ್ಲ ಮಾರಾಯ್ತಿ. ಬರೋ ಬೇಸಿಗೆಗೆ ಹೋದ್ರಾಯ್ತು."

ಆ ಮಾತು ಕೇಳಿದ್ದೇ ಪುಷ್ಪಮ್ಮನ ಮೈಯೆಲ್ಲ ಉರಿಯಿತು. ಅದೇ ಮಾತು, ಅದೇ ಸಲೀಸು ದನಿ. ಅವಳು ಮಿಡಿ ಉಪ್ಪಿನಕಾಯಿಯ ಜೊತೆ ಎರಡು ರೊಟ್ಟಿ ಕಟ್ಟಿ ಕಿಟಕಿಯಿಂದ ಹೋಟೆಲಿನವನ ಕೈಗೆ ಕೊಟ್ಟು, "ಅವ್ರು ಎದ್ರೆ ಕೊಡಿ" ಎಂದಳು. ಹೆಂಡತಿಯ ಕರ್ತವ್ಯ ಅಲ್ಲಿಗೆ ಮುಗಿಯಿತು. ಗಿರಿಯಪ್ಪನಿಗೆ ಏನು ಮಾಡುವುದೆಂದು ತೋಚಲಿಲ್ಲ. "ಅಕ್ಕಾ, ಏಜೆಂಟ್ರು ಸುಧಾರಿಸ್ಕೊಳ್ಳೋವರೆಗೆ ಸ್ವಲ್ಪ ನಿಲ್ಲಿಸ್ಲಾ?" ಎಂದ.

ಪುಷ್ಪಮ್ಮ ಸೀಟಿಗೆ ಒರಗಿ ಕೂತಳು.

"ರೈಟ್" ಎಂದಳು.

ಬೆಂಚಿನ ಮೇಲೆ ಮಾಸ್ತಪ್ಪ ದಡಕ್ಕನೆ ಎದ್ದು ಕೂತದ್ದು, ಸೀಟಿ ಊದಲು ಜೇಬು ತಡಕಾಡಿದ್ದು, ಅವಳಿಗೆ ಹಿಂದಿನ ಧೂಳಿನಲ್ಲಿ ಸ್ವಲ್ಪ ಹೊತ್ತು ಕಂಡಿತು. ಅವನು ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದ ಕೂಡ. ಗಿರಿಯಪ್ಪ ತಿರುಗಿ ನೋಡಲಿಲ್ಲ. ರೂಲ್ಸ್ ಅಂದ್ರೆ ರೂಲ್ಸು.

ಹೊನ್ನಾವರದಲ್ಲಿ ಅವರು ಬಂದರಿನ ದಾರಿ ಕೇಳಿಕೊಂಡು ನಡೆದರು. ಮಾಸ್ತಪ್ಪ ಹೇಳಿದ ಯಾವ ಗುರುತೂ ಅಲ್ಲಿ ಸಿಗಲಿಲ್ಲ. ಹೊಳೆ ಅಗಲವಾಗಿ ಹರಡಿಕೊಂಡು ಬಂದು, ಅವಸರವೇನೂ ಇಲ್ಲದೆ ಸಮುದ್ರಕ್ಕೆ ಸೇರುತ್ತಿತ್ತು. ಎಲ್ಲಿ ಹೊಳೆ ಮುಗಿಯಿತು, ಎಲ್ಲಿ ಸಮುದ್ರ ಶುರುವಾಯಿತು ಎಂದು ಪುಷ್ಪಮ್ಮ ಬಹಳ ಹೊತ್ತು ಹುಡುಕಿದಳು. ಮಕ್ಕಳು ಅಲೆಯ ಜೊತೆ ಓಡಿದವು. ಪಾಪದ ಭಯ ಹುಟ್ಟಿಸಿದ ಕನ್ನಮ್ಮ ಎಲ್ಲರಿಗಿಂತ ಮೊದಲು ಸೀರೆ ಎತ್ತಿಕಟ್ಟಿ ನೀರಿಗಿಳಿದಿದ್ದಳು. ಪುಷ್ಪಮ್ಮನೂ ಇಳಿದಳು. ಬೊಗಸೆಯಲ್ಲಿ ನೀರು ಎತ್ತಿ ನಾಲಿಗೆಗೆ ತಾಗಿಸಿದಳು. ತವರಿನ ಅಂಗಳ, ಹಟ್ಟಿ, ಅವ್ವ ನೀರು ಸೇದುತ್ತಿದ್ದ ಬಾವಿ, ಎಲ್ಲದರ ಮೇಲೆ ನಿಂತಿದ್ದ ನೀರು ಇದರಲ್ಲೂ ಇದ್ದೀತು ಎಂದುಕೊಂಡಳು. ಬರೀ ಉಪ್ಪು. ಅವಳು ಅತ್ತಳು, ಮುಖವನ್ನು ಅದೇ ನೀರಿನಲ್ಲಿ ತೊಳೆದುಕೊಂಡಳು.

ಸಂಜೆಯ ಬಸ್ಸು ಗೇರುಸೊಪ್ಪೆಗೆ ಬಂದಾಗ ಮಾಸ್ತಪ್ಪ ಕೋಟಿನ ಗುಂಡಿ ಹಾಕಿಕೊಂಡು ರಸ್ತೆಯಂಚಿನಲ್ಲಿ ನಿಂತಿದ್ದ. ಹತ್ತಿ ಅವಳ ಪಕ್ಕ ಕೂತ. ಅವಳ ಸೀರೆಯ ಅಂಚಿನ ಒದ್ದೆ ನೋಡಿದ.

"ನೀರು ಮುಟ್ಟಿದ್ರಾ? ಇವತ್ತು ಅಮಾಸೆ ಅಲ್ಲ."

"ಸಮುದ್ರಕ್ಕೆ ಅದು ಗೊತ್ತಿದ್ದ ಹಾಗೆ ಕಾಣ್ಲಿಲ್ಲ" ಎಂದಳು ಪುಷ್ಪಮ್ಮ.

ಬಸ್ಸು ಹೊರಟಿತು. ಅವನು ಸ್ವಲ್ಪ ಹೊತ್ತು ನಿಂಬೆಹಣ್ಣು ಮೂಸಿದ. ಆಮೇಲೆ ತಡೆಯಲಾರದೆ, ದನಿ ತಗ್ಗಿಸಿ ಕೇಳಿದ, "ಅಲ್ಲ, ನಾನು ಎದ್ದು ಓಡಿಬಂದಿದ್ದು ನೀನು ನೋಡಿದೆ. ಒಂದು ನಿಮಿಷ ನಿಲ್ಲಿಸಿದ್ರೆ ಏನಾಗ್ತಿತ್ತು?"

ಪುಷ್ಪಮ್ಮ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. "ಮೂರು ವರ್ಷದಿಂದ ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ" ಎಂದಳು.

ಮಲೆಮನೆ ಘಾಟಿ ಹತ್ತಿ ಮುಗಿಯುವವರೆಗೂ ಮಾಸ್ತಪ್ಪ ಬಾಯಿ ತೆರೆಯಲಿಲ್ಲ. ಕಕ್ಕಲೂ ಇಲ್ಲ.