ಹುಳದ ಮನೆಯಲ್ಲಿ ಕರಿ ಚುಟ್ಟ

ನಮ್ಮ ಯಜಮಾನರು ಚುಟ್ಟ ಸೇದುತ್ತಿದ್ದರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಮುಳಬಾಗಿಲಿನ ಒಂದು ಅಂಗಡಿಯ ಕರಿ ಚುಟ್ಟ ಮಾತ್ರ. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಇಂಥ ಆಸೆ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಆ ಕಸುಬಿನವರಿಗೆ ಗೊತ್ತು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಿದರೆ ಮುಗಿಯಿತು. ಆ ಸೊಪ್ಪು ತಿಂದ ಹುಳ ತಲೆ ಎತ್ತುತ್ತದೆ, ಹಸಿರು ನೀರು ಕಕ್ಕುತ್ತದೆ, ಮತ್ತೆ ತಲೆ ಇಳಿಸುವುದಿಲ್ಲ.

ನಾನು ಮಾಲೂರು ಕಡೆಯವಳು. ನಮ್ಮಪ್ಪ ತರಕಾರಿ ಬೆಳೆಯುತ್ತಿದ್ದರು. ಏಳನೇ ಕ್ಲಾಸಿನವರೆಗೆ ಓದಿಸಿ ಹುತ್ತೂರು ಕಡೆಗೆ ಕೊಟ್ಟರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಹುಳದ ವಿಚಾರ ನನಗೆ ಏನೂ ಗೊತ್ತಿರಲಿಲ್ಲ. ಮದುವೆಯಾದ ಎರಡನೇ ವರ್ಷ ನೆಂಟರೊಬ್ಬರು ಬಂದು, ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ, ಸಹಾಯ ಮಾಡೋಣವೆಂದು ಎರಡು ತಟ್ಟೆಗೆ ಸೊಪ್ಪು ಹಾಕಿದರು. ಮಧ್ಯಾಹ್ನಕ್ಕೆ ಆ ಎರಡು ತಟ್ಟೆಯ ಹುಳಗಳೆಲ್ಲ ತಲೆ ಎತ್ತಿ ನಿಂತಿದ್ದವು. ನಮ್ಮತ್ತೆ ಸತ್ತ ಹುಳವನ್ನು ಮೊರಕ್ಕೆ ತುಂಬಿ ನನ್ನ ಕೈಗೆ ಕೊಟ್ಟು, ತಿಪ್ಪೆಯಲ್ಲಿ ಗುಂಡಿ ತೋಡಿ ಮುಚ್ಚಿ ಬಾ ಅಂದರು. ಅವತ್ತು ಕಲಿತದ್ದು ನಾನು ಮರೆಯಲಿಲ್ಲ. ಅತ್ತೆ ಹೋದ ಮೇಲೆ ಹುಳದ ಮನೆ ನನ್ನ ಕೈಗೆ ಬಂತು. ನಾನು ಅವರಿಗಿಂತ ಬಿಗಿಯಾದೆ.

ಹುಳದ ಮನೆ ಎಂದರೆ ಬೇರೆ ಮನೆಯಲ್ಲ. ನಮ್ಮದು ಒಂದೇ ದೊಡ್ಡ ಪಡಸಾಲೆಯ ಮನೆ. ತಟ್ಟೆಗಳು ಅಲ್ಲೇ, ನಾವೂ ಅಲ್ಲೇ. ಹುಳ ಇರುವಷ್ಟು ದಿನ ಊದುಬತ್ತಿ ಕೂಡ ಹಚ್ಚುತ್ತಿರಲಿಲ್ಲ. ಯಜಮಾನರು ಚುಟ್ಟ ಸೇದುವುದೆಂದರೆ ಗೂಡು ಬಿಡಿಸಿ, ಮಾರಿ, ಮನೆ ತೊಳೆದ ಮೇಲೆ. ಮುಂದಿನ ಮೊಟ್ಟೆ ಬರುವತನಕ ಹತ್ತು ಹನ್ನೆರಡು ದಿನ ಮನೆ ಖಾಲಿ. ಆ ದಿನಗಳು ಅವರವು. ಅಷ್ಟಾದರೂ ಚುಟ್ಟ ಮನೆಯೊಳಗೆ ಬರಬಾರದು. ಬಾವಿಯ ಹತ್ತಿರದ ಮೋಟರ್ ಮನೆಯಲ್ಲಿ ಒಂದು ಹಾಲುಪುಡಿ ಡಬ್ಬಿ ಇತ್ತು, ಅದರಲ್ಲಿಡುತ್ತಿದ್ದರು. ಸಂಜೆ ಬಿಸಿಲು ಇಳಿದ ಮೇಲೆ ಬಾವಿ ಪಕ್ಕದ ಬಂಡೆ ಮೇಲೆ ಕೂತು ಒಂದೇ ಒಂದು ಹಚ್ಚುತ್ತಿದ್ದರು.

ನಮಗೆ ಮಕ್ಕಳಿರಲಿಲ್ಲ. ಮಾತಾಡಲು ನಾವಿಬ್ಬರೇ. ನಾನೂ ಹೋಗಿ ಹೊಗೆ ತಾಗದಂತೆ ಗಾಳಿಯ ಈ ಕಡೆ ಕೂರುತ್ತಿದ್ದೆ. ನಾನು ಕೇಳದಿದ್ದರೂ ಅವರು ಹೇಳುತ್ತಿದ್ದರು. ತಿಳಿ ಬಣ್ಣದ ಚುಟ್ಟ ಗಂಟಲಿಗೆ ಹೊಡೆಯುತ್ತದೆ, ಅದು ಅವಸರದವರಿಗೆ. ಕರಿ ಚುಟ್ಟದ ಎಲೆಯನ್ನು ಬೆಲ್ಲದ ನೀರು ಚಿಮುಕಿಸಿ ಗೋಣಿಯಲ್ಲಿ ಒತ್ತಿಟ್ಟು ಬೆವರಲು ಬಿಡುತ್ತಾರೆ. ಅದಕ್ಕೆ ಆ ಬಣ್ಣ, ಹಳೇ ಹುಣಸೆಹಣ್ಣಿನದು. ಒಂದು ಸಿಗರೇಟಿನ ಬೆಲೆಗೆ ಎರಡು ಬರುತ್ತದೆ, ಆದರೆ ಅರ್ಧ ಗಂಟೆ ಜೊತೆಗಿರುತ್ತದೆ. ಕೊಳ್ಳುವಾಗ ಉದ್ದಕ್ಕೂ ಒತ್ತಿ ನೋಡಬೇಕು, ಗಂಟು ಸಿಗಬಾರದು. ಹೊಗೆಯನ್ನು ಎದೆಗೆ ಇಳಿಸಬಾರದು, ಬಾಯಲ್ಲಿ ತಿರುಗಿಸಿ ಬಿಟ್ಟುಬಿಡಬೇಕು. ಮೊದಲ ಭಾಗ ಖಾರ, ನಡುವಿನದು ಸಿಹಿ, ಕೊನೆಯದು ಕಹಿ. ಕೊನೆಯದನ್ನು ಅವರು ಸೇದುತ್ತಿರಲಿಲ್ಲ. ಬಂಡೆಗೆ ಉಜ್ಜಿ ಆರಿಸುತ್ತಿದ್ದರು. ಉಜ್ಜಿ ಉಜ್ಜಿ ಅಲ್ಲಿ ಅಂಗೈಯಗಲ ಕಪ್ಪಾಗಿತ್ತು.

ನನಗೆ ಅದು ಅಂಗಿಯ ವಾಸನೆ ಮಾತ್ರ. ಸೀಗೆಕಾಯಿ ನೀರಲ್ಲಿ ಎರಡು ಸಲ ಒಗೆದು ತೆಗೆಯಬೇಕಾದ ವಾಸನೆ.

ಎಂಬತ್ತರ ದಶಕದ ನಡುವೆ ಅವರಿಗೆ ಕಾಮಾಲೆ ಆಯಿತು. ಊರ ಔಷಧಿ ಮಾಡಿದೆವು, ಕೋಲಾರದ ಡಾಕ್ಟರಿಗೂ ತೋರಿಸಿದೆವು. ಎರಡು ತಿಂಗಳು ಮಲಗಿದರು. ಅನ್ನ ಸೇರಲಿಲ್ಲ. ಚುಟ್ಟದ ಮಾತು ಎತ್ತಿದರೇ ವಾಂತಿ ಬಂದಂತಾಗುತ್ತದೆ ಅನ್ನುತ್ತಿದ್ದರು. ಆ ನಡುವೆಯೇ ಒಂದು ಬೆಳೆ ಹುಳ ತಂದಿದ್ದೆವು. ಸೊಪ್ಪು ಬೆಳೆದು ನಿಂತಿತ್ತು, ಬಿಡುವ ಹಾಗಿರಲಿಲ್ಲ. ಪಕ್ಕದ ಮನೆಯ ಮೈದುನ ಸೊಪ್ಪು ಕೊಯ್ದು ತಂದು ಹಾಕುತ್ತಿದ್ದ, ನಾನು ಹುಳ ನೋಡುತ್ತಿದ್ದೆ. ತಟ್ಟೆಗಳ ಈ ಪಕ್ಕ ಅವರ ಮಂಚ.

ಹುಳ ನಾಲ್ಕು ಸಲ ಪೊರೆ ಬಿಟ್ಟು, ಕೊನೆಯ ಹಂತದಲ್ಲಿ ಎಡೆಬಿಡದೆ ತಿನ್ನುತ್ತಿದ್ದವು. ಒಂದು ಬೆಳಿಗ್ಗೆ ಅವರು ದಿಂಬಿಗೆ ಒರಗಿ ಕೂತು ನನ್ನನ್ನು ಕರೆದರು.

"ಲೇ, ಒಂದು ಚುಟ್ಟ ಕೊಡೇ. ಬಾಯಿಗೆ ರುಚಿ ಬಂದಂಗೈತೆ."

ನನಗೆ ಆದ ಸಂತೋಷ ಹೇಳತೀರದು. ಕಾಮಾಲೆಯವರಿಗೆ ಹೊಗೆ ಬೇಕೆನಿಸಿತೆಂದರೆ ರೋಗ ಬಿಡುತ್ತಿದೆಯೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಮೈದುನನ ಮನೆಗೆ ಹೋಗಿ ಹೇಳಿ ಬಂದೆ. ಆದರೆ ಚುಟ್ಟ ಕೊಡಲಿಲ್ಲ. ಎದ್ದು ಮೋಟರ್ ಮನೆಯತನಕ ನಡೆಯುವ ಶಕ್ತಿ ಅವರಿಗಿರಲಿಲ್ಲ. ಮನೆಯಲ್ಲಿ ಹಚ್ಚುವ ಮಾತೇ ಇಲ್ಲ. ಜಗಲಿಯಲ್ಲಿ ಹಚ್ಚಿದರೂ ಹೊಗೆ ಕಿಟಕಿಯಿಂದ ಒಳಗೆ ಬರುತ್ತದೆ.

"ಹುಳ ಹಣ್ಣಾಗೋಕೆ ಇನ್ನು ನಾಲ್ಕೇ ದಿನ," ಅಂದೆ. "ಚಂದ್ರಿಕೆ ಹತ್ಲಿ. ನಾನೇ ಹಚ್ಚಿ ಕೊಡ್ತೀನಿ."

ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಎನ್ನುತ್ತೇವೆ. ಅದನ್ನು ಹತ್ತಿದ ಹುಳ ಆಮೇಲೆ ಸೊಪ್ಪು ತಿನ್ನುವುದಿಲ್ಲ.

ಅವರು ನಕ್ಕರು. "ನಿಂಗೆ ಹಚ್ಚಕ್ಕೆ ಬರ್ತದಾ? ಒಲೆ ಹಚ್ಚಿದಂಗಲ್ಲ ಕಣೇ. ಮೊದ್ಲು ತುದೀನ ದೂರದಿಂದ ಕಾಸ್ಬೇಕು."

"ಕಾಸ್ತೀನಿ ಬಿಡಿ," ಅಂದೆ.

ಮತ್ತೆ ಕೇಳಲಿಲ್ಲ. ಮಾರನೇ ದಿನ ಎರಡು ತುತ್ತು ಜಾಸ್ತಿ ತಿಂದರು. ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಯ ಸೊಪ್ಪು ಹಾಕಿ ತಿರುಗಿ ನೋಡಿದೆ. ಅವರಿಗೆ ನಿದ್ದೆ ಬಂದಿದೆ ಅಂದುಕೊಂಡೆ. ಇನ್ನೊಂದು ಸಾಲಿನ ತಟ್ಟೆಗಳಿಗೂ ಸೊಪ್ಪು ಹಾಕಿ ಮುಗಿಸಿ, ಕೈ ಒರೆಸಿಕೊಂಡು ಹೋಗಿ ಮುಟ್ಟಿದೆ. ಹೋಗಿಬಿಟ್ಟಿದ್ದರು.

ಜನ ಸೇರಿದರು. ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಬೇಕು. ನನ್ನನ್ನು ಮೂಲೆಯಲ್ಲಿ ಕೂರಿಸಿ ಮೈದುನನ ಹೆಂಡತಿ ಸೊಪ್ಪು ಹಾಕಿದಳು. ಎಲ್ಲರೂ ಅಳು ನಿಲ್ಲಿಸಿದಾಗ ತಟ್ಟೆಗಳಲ್ಲಿ ಹುಳ ತಿನ್ನುವ ಸದ್ದು ಕೇಳುತ್ತಿತ್ತು.

ಅವರು ಹೋದ ಮೂರನೇ ದಿನ ಹಾಲುತುಪ್ಪ ಬಿಡಲು ಹೊಲದಲ್ಲಿ ಅವರನ್ನು ಮಣ್ಣು ಮಾಡಿದ ಜಾಗಕ್ಕೆ ಹೋದೆವು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಲ್ಲಿ ಇಡುವುದು ಪದ್ಧತಿ. ಮುದ್ದೆ, ಅವರೆಕಾಳು ಸಾರು, ಒಬ್ಬಟ್ಟು ಇಟ್ಟರು. ಮೈದುನ ಅಂಗಡಿಯಿಂದ ಸಿಗರೇಟು ತಂದಿದ್ದ. ಒಂದನ್ನು ಹಚ್ಚಿ ಕಲ್ಲಿನ ಮೇಲೆ ಇಟ್ಟ. ಅಣ್ಣನ ಚುಟ್ಟ ಎಲ್ಲೈತೆ ಅತ್ಗೆ ಎಂದು ಕೇಳಿದ್ದ. ಗೊತ್ತಿಲ್ಲ ಅಂದಿದ್ದೆ. ಮೋಟರ್ ಮನೆ ಅಲ್ಲಿಂದ ನೂರು ಹೆಜ್ಜೆ. ಆದರೆ ಆ ದಿನವೇ ಮನೆಯಲ್ಲಿ ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡಬೇಕಾಗಿತ್ತು. ಹಿಂದುಳಿದ ಒಂದಷ್ಟು ಇನ್ನೂ ತಿನ್ನುತ್ತಿದ್ದವು. ಚುಟ್ಟ ಹಚ್ಚಿದ ಕೈ ಆ ಹುಳಗಳ ಹತ್ತಿರವೇ ಬರಬೇಕು. ಸಿಗರೇಟು ಹಚ್ಚಿದ ಮೈದುನನನ್ನು ಅವತ್ತು ಮನೆಯೊಳಕ್ಕೆ ಬಿಡಲಿಲ್ಲ. ದುಃಖದಲ್ಲಿ ಏನೋ ಆಡುತ್ತಾಳೆ ಎಂದುಕೊಂಡರು. ನಾನು ಆಡುತ್ತಿದ್ದುದು ಹುಳದ ಲೆಕ್ಕ.

ಗೂಡು ಚೆನ್ನಾಗಿ ಬಂತು. ಕೈಯಲ್ಲಿ ಒತ್ತಿದರೆ ತಗ್ಗುತ್ತಿರಲಿಲ್ಲ, ಅಷ್ಟು ಗಟ್ಟಿ. ಅಂಥ ಬೆಳೆ ಹಿಂದೆ ಬಂದಿರಲಿಲ್ಲ ಎಂದು ಮೈದುನ ಹೇಳಿದ. ನಾನು ಆ ಗೂಡುಗಳನ್ನು ನೋಡಲಾರದೆ ಹೋದೆ.

ಮನೆ ತೊಳೆದ ಮೇಲೆ ಒಂದು ಸಂಜೆ ಮೋಟರ್ ಮನೆಗೆ ಹೋದೆ. ಡಬ್ಬಿಯಲ್ಲಿ ಕೆಂಪು ದಾರ ಕಟ್ಟಿದ ಕಟ್ಟು, ಮೂರು ಚುಟ್ಟ. ಜೊತೆಗೆ ಬಟ್ಟೆ ಸುತ್ತಿದ ಒಂದು ಮಡಕೆ ಚೂರು. ಚುಟ್ಟ ಒಣಗದಿರಲೆಂದು ಆ ಚೂರನ್ನು ಅವರು ನೀರಲ್ಲಿ ನೆನೆಸಿ ಇಡುತ್ತಿದ್ದರು. ಈಗ ಅದು ಒಣಗಿತ್ತು, ಚುಟ್ಟದ ಎಲೆ ಸಿಡಿಯುವಂತಿತ್ತು. ಚೂರನ್ನು ನೆನೆಸಿಟ್ಟು ಬಂದೆ. ನಾಲ್ಕನೇ ದಿನ ಹೋಗಿ ಒತ್ತಿ ನೋಡಿದೆ. ಮೆತ್ತಗಾಗಿತ್ತು. ಒಂದನ್ನು ತೆಗೆದುಕೊಂಡು ಬಂಡೆ ಮೇಲೆ, ಅವರು ಕೂರುವ ಜಾಗ ಬಿಟ್ಟು, ನನ್ನ ಜಾಗದಲ್ಲೇ ಕೂತೆ.

ಹಚ್ಚಿ ಕೊಡುತ್ತೇನೆ ಅಂದಿದ್ದೆ. ಅಷ್ಟೇ ಮನಸ್ಸಿನಲ್ಲಿದ್ದದ್ದು. ತುದಿಯನ್ನು ದೂರದಿಂದ ಕಾಸಿದೆ, ತಿರುಗಿಸುತ್ತ. ಮೂರು ಕಡ್ಡಿ ಹಿಡಿಯಿತು. ಹತ್ತಿದ ಮೇಲೆ ಅವರ ಜಾಗದಲ್ಲಿ, ಆ ಕಪ್ಪು ಗುರುತಿನ ಪಕ್ಕ ಇಟ್ಟೆ. ಸ್ವಲ್ಪ ಹೊತ್ತಿಗೆ ಆರಿಹೋಯಿತು. ಯಾರಾದರೂ ಎಳೆಯುತ್ತಿದ್ದರೆ ತಾನೇ ಉರಿಯುವುದು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಮೂರನೇ ಸಲ ಬಾಯಿಗೆ ಇಟ್ಟುಕೊಂಡು ಎಳೆದೆ.

ಕೆಮ್ಮು ಬರುತ್ತದೆ ಅಂದುಕೊಂಡಿದ್ದೆ. ಎದೆಗೆ ಇಳಿಸದ ಕಾರಣ ಬರಲಿಲ್ಲ. ಮೊದಲು ನಾಲಿಗೆ ತುದಿಗೆ ಮೆಣಸು ತಾಗಿದ ಹಾಗೆ. ಹಿಂದೆಯೇ ರಾಗಿ ಹುರಿಯುವಾಗ ಇನ್ನೇನು ಸೀದು ಹೋಗುತ್ತದೆ ಅನ್ನುವಾಗ ಬರುವ ವಾಸನೆ. ತುಟಿಗೆ ಎಲೆಯ ಚೂರು ಅಂಟಿತು. ನಿಧಾನವಾಗಿ ಎಳೆಯಬೇಕು, ಇಲ್ಲದಿದ್ದರೆ ಬಿಸಿಯಾಗಿ ಕಹಿಯಾಗುತ್ತದೆ ಎಂದು ತಾನಾಗಿಯೇ ಗೊತ್ತಾಯಿತು. ನಡುವಿಗೆ ಬಂದಾಗ ಖಾರ ಹೋಗಿ ಸಿಹಿ ಬಂತು. ಸಕ್ಕರೆಯ ಸಿಹಿಯಲ್ಲ, ಪಾಕ ತಳ ಹಿಡಿದ ಪಾತ್ರೆಯನ್ನು ಕೆರೆದು ತಿಂದ ಹಾಗೆ. ಬೂದಿ ಬೆರಳುದ್ದ ನಿಂತಿತ್ತು, ಬೀಳಲಿಲ್ಲ. ಹದಿಮೂರು ವರ್ಷ ಅವರು ಹೇಳಿದ್ದೆಲ್ಲ ನಿಜವಾಗಿತ್ತು. ಹೌದು ಕಣ್ರೀ, ಸಿಹಿ ಐತೆ ಎಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಕಹಿ ಶುರುವಾದಾಗ ಬಂಡೆಗೆ ಉಜ್ಜಿ ಆರಿಸಿದೆ.

ಉಳಿದೆರಡನ್ನೂ ಮುಂದಿನ ಬಿಡುವಿನಲ್ಲಿ ಹೀಗೆಯೇ ಸೇದಿದೆ. ಯಾರಿಗೂ ಗೊತ್ತಿಲ್ಲ. ಆಮೇಲೆ ಡಬ್ಬಿಯಲ್ಲಿ ದಾರ ಮಾತ್ರ ಉಳಿಯಿತು.

ಯಜಮಾನರ ಅಕ್ಕನನ್ನು ಮುಳಬಾಗಿಲು ಹತ್ತಿರದ ಆವನಿ ಎಂಬ ಊರಿಗೆ ಕೊಟ್ಟಿದ್ದರು. ಎರಡು ಮೂರು ವಾರಕ್ಕೊಮ್ಮೆ ಅವರು ಅಲ್ಲಿಗೆ ಹೋಗಿ ಬರುತ್ತಿದ್ದರು, ಬರುವಾಗ ಮುಳಬಾಗಿಲಿನಲ್ಲಿ ಚುಟ್ಟ ತರುತ್ತಿದ್ದರು. ಒಂದು ದಿನ ಅವರ ಅಕ್ಕನನ್ನು ನೋಡಿ ಬರುವಾಗ ನಾನೂ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಕೇಳಿಕೊಂಡು ಹೋದೆ. ಮನೆಯಲ್ಲಿ ಆಗ ಹುಳ ಇತ್ತು. ಚಿಕ್ಕ ಹುಳ, ಎರಡನೇ ಪೊರೆ ಬಿಟ್ಟು ತಿನ್ನಲು ಶುರು ಮಾಡಿದ್ದವು. ಅಂಗಡಿಯಲ್ಲಿ ಒಬ್ಬ ಮುದುಕಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಚುಟ್ಟ ಸುತ್ತುತ್ತಿದ್ದಳು. ಯಾರಿಗಮ್ಮ ಅಂದಳು. ಕೆಂಪು ದಾರ ತೋರಿಸಿದೆ. ಹುತ್ತೂರು ಕಡೆಯವರು, ರೇಷ್ಮೆ ಹುಳದವರು ಅಂದೆ.

"ಸಬ್ಬಾಯನಾ?" ಅಂದಳು. ಆ ಕಡೆ ತೆಲುಗಿನಲ್ಲಿ ಸಬ್ಬು ಅಂದರೆ ಸೋಪು. ಸೋಪಿನವರು. ನನ್ನ ಗಂಡನಿಗೆ ಹಾಗೊಂದು ಹೆಸರಿದ್ದದ್ದು ನನಗೆ ಗೊತ್ತಿರಲಿಲ್ಲ. ಅವರು ತೀರಿಹೋದದ್ದನ್ನು ಹೇಳಿದ ಮೇಲೆ ಅವಳು ನನ್ನ ಹಣೆ ನೋಡಿ ಕೈಯಲ್ಲಿದ್ದ ಚುಟ್ಟವನ್ನು ಕೆಳಗಿಟ್ಟಳು.

ಅವಳೇ ಹೇಳಿದಳು. ಬಂದಾಗಲೆಲ್ಲ, ಮನೆಯಲ್ಲಿ ಹುಳ ಇರಲಿ ಬಿಡಲಿ, ಒಂದು ಸೇದಿಯೇ ಹೋಗುತ್ತಿದ್ದರಂತೆ. ಅಂಗಿ ಬಿಚ್ಚಿ ಹೊರಗಿನ ಮೊಳೆಗೆ ಹಾಕಿ, ಅವಳ ಹಳೇ ಟವೆಲ್ ಹೊದ್ದು ಕೂರುತ್ತಿದ್ದರಂತೆ. ಸೇದಿ ಮುಗಿಸಿ ಮೊಣಕೈತನಕ ಸೋಪು ಹಚ್ಚಿ, ಮುಖ ತೊಳೆದು, ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿ, ಮತ್ತೆ ಕೈ ತೊಳೆದು ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದರಂತೆ, ವಾಸನೆ ಐತಾ ನೋಡಕ್ಕಾ ಎಂದು.

"ಹೆಂಡ್ತಿಗೆ ಇಷ್ಟೊಂದು ಹೆದರ್ತೀಯಲ್ಲಯ್ಯಾ ಅಂತಿದ್ದೆ," ಅಂದಳು. "ಹೆಂಡ್ತಿಗಲ್ಲಕ್ಕಾ, ಹುಳಕ್ಕೆ. ಹುಳಕ್ಕೇನಾದ್ರೂ ಆದ್ರೆ ಅವ್ಳು ಊಟ ಬಿಡ್ತಾಳೆ ಅನ್ನೋನು."

ಕಿಟಕಿಯಲ್ಲಿ ತೆಂಗಿನ ಚಿಪ್ಪು ಇತ್ತು. ಅದರೊಳಗೆ ಸವೆದ ಕೆಂಪು ಸೋಪು, ಬಿರುಕು ಬಿಟ್ಟಿತ್ತು. ಅದು ಅವರದೇ, ಬೇರೆ ಯಾರಿಗೂ ಕೊಟ್ಟಿಲ್ಲ ಅಂದಳು.

ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಹದಿಮೂರು ವರ್ಷ ಹುಳ ಇರುವಾಗಲೂ ಅವರು ಸೇದಿ, ತೊಳೆದುಕೊಂಡು ಮನೆಗೆ ಬಂದಿದ್ದರು. ಅದೇ ಕೈಯಲ್ಲಿ ಸೊಪ್ಪು ಹಾಕಿದ್ದರು. ಅದರಿಂದ ಒಂದು ಹುಳವೂ ಸತ್ತಿರಲಿಲ್ಲ. ಕೊನೆಯಲ್ಲಿ ಕೇಳಿದಾಗ ಗಾಡಿ ಕಟ್ಟಿಸಿ ಮೋಟರ್ ಮನೆಗೆ ಕರೆದುಕೊಂಡು ಹೋಗಬಹುದಿತ್ತು. ಬಿಸಿ ನೀರಲ್ಲಿ ಕೈ ಮುಖ ತೊಳೆಸಿ ಅಂಗಿ ಬದಲಾಯಿಸಬಹುದಿತ್ತು. ಅರ್ಧ ಗಂಟೆಯ ಕೆಲಸ. ಅವರಿಗೆ ಅದು ಗೊತ್ತಿತ್ತು. ಆದರೂ ನಕ್ಕು ಸುಮ್ಮನಾಗಿದ್ದರು.

ಮುದುಕಿ ಒಂದು ಕಟ್ಟು ಕಟ್ಟಿಕೊಟ್ಟು, ಆಯಪ್ಪ ಸೇದಿ ನೋಡದೆ ಕೊಂಡವರಲ್ಲ, ನೀನೂ ನೋಡು ಅಂದಳು. ಅವಳ ಟವೆಲ್ ಹೊದ್ದು ಕೂತು ಒಂದು ಸೇದಿದೆ. ಆಮೇಲೆ ಆ ಸೋಪಿನಿಂದ ಮೊಣಕೈತನಕ ತೊಳೆದುಕೊಂಡೆ, ಬಾಯಿ ಮುಕ್ಕಳಿಸಿದೆ, ಬೇವಿನ ಕಡ್ಡಿ ಕೇಳಿ ಹಲ್ಲುಜ್ಜಿದೆ. ಕೈ ಮುಂದೆ ಹಿಡಿದೆ. ಅವಳು ಮೂಸಿ ನೋಡಿ ಇಲ್ಲಮ್ಮ ಅಂದಳು. ಸೋಪನ್ನು ಒಯ್ಯಿ ಅಂದಳು. ಇಲ್ಲೇ ಇರಲಿ ಅಂದೆ.

ಕಟ್ಟನ್ನು ಮೋಟರ್ ಮನೆಯಲ್ಲಿಟ್ಟು, ಮತ್ತೊಮ್ಮೆ ಕೈ ತೊಳೆದು ಮನೆಗೆ ಬಂದೆ. ಸಂಜೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಒಂದು ತಟ್ಟೆಗೆ ಮಾತ್ರ ನನ್ನ ಕೈಯಾರೆ ಹಾಕಿದೆ. ಮಿಕ್ಕವಕ್ಕೆ ಮೈದುನನ ಹೆಂಡತಿಯನ್ನು ಕರೆದೆ. ಆ ತಟ್ಟೆಯ ಮುಂದೆ ಕೂತು ನೋಡುತ್ತಿದ್ದೆ. ಒಂದಾದರೂ ತಲೆ ಎತ್ತಿದ್ದರೆ, ಅವತ್ತು ಅವರಿಗೆ ಇಲ್ಲ ಅಂದದ್ದು ಸರಿಯಾಗಿತ್ತು ಎಂದು ನಾನು ಇನ್ನು ಮುಂದೆ ಹೇಗೋ ಇದ್ದುಬಿಡುತ್ತಿದ್ದೆ. ಹುಳಗಳು ಸೊಪ್ಪಿನ ಅಂಚು ಹಿಡಿದು ತಿನ್ನುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ತಟ್ಟೆಯಲ್ಲಿ ಬರೀ ಸೊಪ್ಪಿನ ನರಗಳು ಉಳಿದಿದ್ದವು.